ಹಾಕದೆ ಹೋದ ಸಹಿ

ಮುಂಬಯಿಯಲ್ಲಿ ಸಂಸಾರ ಹೂಡಿದ ಕನ್ನಡಿಗರ ಮನೆಗೆ ಊರಿನಿಂದ ಬರುವ ನೆಂಟರಲ್ಲಿ ಎರಡು ಬಗೆ. ಮೊದಲನೆಯವರು ಚೌಪಾಟಿ, ಮಹಾಲಕ್ಷ್ಮಿ ದೇವಸ್ಥಾನ ನೋಡಲು ಬರುತ್ತಾರೆ. ಬರುವಾಗ ಹಪ್ಪಳ, ಮಿಡಿ ಉಪ್ಪಿನಕಾಯಿ ತರುತ್ತಾರೆ. ಎರಡನೆಯವರು ಪರೇಲಿನ ಟಾಟಾ ಆಸ್ಪತ್ರೆಗೆಂದು ಬರುತ್ತಾರೆ. ಅವರೂ ಹಪ್ಪಳ ತರುತ್ತಾರೆ. ಆದರೆ ಕಂಕುಳಲ್ಲಿ ಒಂದು ದೊಡ್ಡ ಲಕೋಟೆಯೂ ಇರುತ್ತದೆ. ಆ ಲಕೋಟೆ ಕಂಡೊಡನೆ ನಾವು ಊರಿನ ಮಳೆ ಬೆಳೆಯ ವಿಚಾರ ಬಿಟ್ಟು, "ಮೊದಲು ಚಾ ಕುಡಿಯಿರಿ" ಎನ್ನುತ್ತೇವೆ.

2004ರ ಮಳೆಗಾಲದಲ್ಲಿ ಅಕ್ಕ ಮತ್ತು ಭಾವ ಕುಮಟೆಯಿಂದ ನಮ್ಮ ಡೊಂಬಿವಲಿಯ ಮನೆಗೆ ಬಂದದ್ದು ಹೀಗೆಯೇ. ಭಾವ ಹಳ್ಳಿಯ ಶಾಲೆಯಲ್ಲಿ ಮಾಸ್ತರರು. ದಣಿವು, ಸಂಜೆಯ ಜ್ವರ, ಎಡಪಕ್ಕೆಯ ಕೆಳಗೆ ಭಾರ ಎಂದು ತೋರಿಸಲು ಹೋದವರಿಗೆ ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳು ಮಿತಿಮೀರಿರುವುದು ತಿಳಿಯಿತು. ಇಲ್ಲಿಯ ವೈದ್ಯರು ರೋಗದ ಹೆಸರು ಹೇಳಿದರು: ಸಿಎಮ್‌ಎಲ್, ರಕ್ತದ ಕ್ಯಾನ್ಸರಿನಲ್ಲಿ ಒಂದು ಬಗೆ. ಒಂಬತ್ತನೆಯ ಮತ್ತು ಇಪ್ಪತ್ತೆರಡನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ರಕ್ತಕಣಗಳಿಗೆ "ಬೆಳೆಯಿರಿ, ಬೆಳೆಯಿರಿ" ಎಂದು ಎಡೆಬಿಡದೆ ಆಜ್ಞೆ ಕೊಡುವ ಒಂದು ಪ್ರೋಟೀನು ಹುಟ್ಟುತ್ತದಂತೆ. ಇಮಾಟಿನಿಬ್ ಎಂಬ ಗುಳಿಗೆ ಆ ಪ್ರೋಟೀನಿನ ಬಾಯಿ ಕಟ್ಟುತ್ತದೆ. ಅಮೆರಿಕದಲ್ಲಿ ಅದಕ್ಕೆ ಮಾನ್ಯತೆ ಸಿಕ್ಕಿದ್ದು 2001ರಲ್ಲಿ. ದಿನವೂ ನುಂಗಬೇಕು, ಬಹುಶಃ ಬದುಕಿರುವ ತನಕ.

ಬೆಲೆ ಕೇಳಿದಾಗ ನಮ್ಮ ಬಾಯಿಯೂ ಕಟ್ಟಿತು. ಮೂಲ ಕಂಪನಿಯ ಗುಳಿಗೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ; ಅಂದರೆ ಭಾವನ ಒಂದು ವರ್ಷದ ಸಂಬಳ. ಭಾರತೀಯ ಕಂಪನಿಗಳು ತಯಾರಿಸುತ್ತಿದ್ದ ಅದೇ ಔಷಧಕ್ಕೆ ಸುಮಾರು 8ರಿಂದ 10 ಸಾವಿರ; ಅಂದರೆ ಒಂದು ತಿಂಗಳ ಸಂಬಳ. ಅಕ್ಕನ ಬಳೆಗಳು ಹೋದವು, ನಾವೂ ಕೈಲಾದಷ್ಟು ಸೇರಿಸಿದೆವು. ಅಗ್ಗದ ಗುಳಿಗೆ ಸಿಗುವ ತನಕ ಹೇಗೋ ನಡೆದೀತು ಎಂದುಕೊಂಡೆವು. ಅದು ನಾಳೆಯೂ ಸಿಗುತ್ತದೆಯೇ ಎಂಬುದು ಯಾರಿಗೂ ಖಚಿತವಿರಲಿಲ್ಲ.

ಇಷ್ಟೆಲ್ಲ ನಡೆಯುತ್ತಿದ್ದಾಗ ನಾವು ಮಾಡಿದ ದೊಡ್ಡ ಕೆಲಸವೆಂದರೆ ರೋಗವನ್ನು ಮುಚ್ಚಿಟ್ಟದ್ದು. ಸೊಸೈಟಿಯವರಿಗೆ ಕಾಮಾಲೆ ಎಂದೆವು. ಊರಿಗೆ ಫೋನಿನಲ್ಲಿ "ರಕ್ತ ಸ್ವಲ್ಪ ಕಡಿಮೆ" ಎಂದೆವು. ಕ್ಯಾನ್ಸರ್ ರೋಗಿಗಳಿಗೆ ರೈಲಿನಲ್ಲಿ ರಿಯಾಯಿತಿ ಉಂಟೆಂದು ಗೊತ್ತಿದ್ದರೂ, ಫಾರಮ್ಮಿನ ಮೇಲೆ ರೋಗದ ಹೆಸರು ಬರುತ್ತದಲ್ಲ ಎಂದು ಪೂರ್ತಿ ಹಣ ಕೊಟ್ಟು ಟಿಕೆಟ್ ತೆಗೆಸಿದೆವು. ಭಾವನ ಮಗಳ ಜಾತಕ ಆಗ ಮೂರು ಮನೆಗಳಿಗೆ ಹೋಗಿತ್ತು. ತಂದೆಗೆ ಇಂಥ ರೋಗವಿದೆ ಎಂದು ತಿಳಿದರೆ ಆ ಮೂರೂ ಜಾತಕಗಳು ಮರಳಿ ಬರುತ್ತವೆ ಎಂಬ ಹೆದರಿಕೆ ನಮಗೆ.

2005ರ ಮೊದಲ ತಿಂಗಳುಗಳಲ್ಲಿ, ತಪಾಸಣೆಗೆ ಹೋದ ಒಂದು ದಿನ, ಸರದಿಯಲ್ಲಿ ಕುಳಿತಿದ್ದ ನಮ್ಮ ಬಳಿಗೆ ಒಬ್ಬ ಮಹಿಳೆ ಬಂದರು. ರೋಗಿಗಳ ಪರವಾಗಿ ಓಡಾಡುವವರು. ಕೈಯಲ್ಲಿ ಸಂಸತ್ ಸದಸ್ಯರಿಗೆ ಬರೆದ ಒಂದು ಮನವಿ. ನಮ್ಮ 1970ರ ಕಾಯದೆ ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರಿಂದ ಔಷಧಕ್ಕೇ ಪೇಟೆಂಟ್ ಕೊಡಬೇಕಾಗಿತ್ತು. ಹೊಸ ಕಾಯದೆಯಲ್ಲಿ ರೋಗಿಗಳಿಗೂ ರಕ್ಷಣೆ ಇರಲಿ ಎಂಬುದು ಆ ಮನವಿಯ ಸಾರ. ಭಾವ ಮಾಸ್ತರರಲ್ಲವೇ, ಕೊನೆಯ ಸಾಲಿನ ತನಕ ಓದಿದರು; ಅಂಗಿಯ ಜೇಬಿನಿಂದ ಪೆನ್ನು ತೆಗೆದು ಟೊಪ್ಪಿಗೆ ಬಿಚ್ಚಿದರು.

ನಾವೇ ತಡೆದೆವು. "ಬೇಡಿ ಭಾವ. ಹೆಸರು ಎಲ್ಲೆಲ್ಲಿ ಹೋಗ್ತದೋ ಏನೋ."

ಅವರು ಒಂದು ಗಳಿಗೆ ನಮ್ಮ ಮುಖ ನೋಡಿದರು. ಪೆನ್ನಿನ ಟೊಪ್ಪಿಗೆ ಮುಚ್ಚಿ ಜೇಬಿಗೆ ಹಾಕಿಕೊಂಡರು. ಆ ಮಹಿಳೆ ಏನೂ ಅನ್ನದೆ ಪಕ್ಕದ ಬೆಂಚಿಗೆ ಹೋದರು. ಅಲ್ಲಿ ಕುಳಿತಿದ್ದ ಮುದುಕಪ್ಪನಿಗೆ ಬರೆಯಲು ಬರುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದರು.

ಆ ವರ್ಷ ತಿದ್ದುಪಡಿಯಾದ ಕಾಯದೆಯಲ್ಲಿ, ಹಳೆಯ ಔಷಧಕ್ಕೆ ಹೊಸ ರೂಪ ಕೊಟ್ಟರೆ ಸಾಲದು, ಅದರ ಗುಣವೂ ಹೆಚ್ಚಬೇಕು, ಇಲ್ಲವಾದರೆ ಪೇಟೆಂಟ್ ಇಲ್ಲ ಎಂಬ ಕಲಮು ಸೇರಿತು. ಅದನ್ನೇ ಆಧಾರವಾಗಿಟ್ಟುಕೊಂಡು, 1969ರಿಂದ ಮುಂಬಯಿಯಲ್ಲಿ ಕೆಲಸ ಮಾಡುತ್ತಿರುವ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ಮತ್ತು ಕೆಲವು ಔಷಧ ಕಂಪನಿಗಳು ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿಯ ಅರ್ಜಿಯನ್ನು ವಿರೋಧಿಸಿದವು. 2006ರ ಜನವರಿಯಲ್ಲಿ ಚೆನ್ನೈಯ ಪೇಟೆಂಟ್ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ವ್ಯಾಜ್ಯ ಮೇಲಕ್ಕೆ ಹೋಯಿತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿತು. ಮೂರ್ಖರ ದಿನದ ಸುದ್ದಿಯಾದ್ದರಿಂದ ನಾವು ಮರುದಿನದ ಪತ್ರಿಕೆ ನೋಡಿದ ಮೇಲೆಯೇ ನಂಬಿದ್ದು! ಅಷ್ಟರಲ್ಲಿ ಭಾವನಿಗೆ ಗುಳಿಗೆ ಶುರುವಾಗಿ ಒಂಬತ್ತು ವರ್ಷ ಸಮೀಪಿಸಿತ್ತು. ಯಾರೋ ಹಾಕಿದ ಸಹಿಯ, ಯಾರೋ ಒತ್ತಿದ ಹೆಬ್ಬೆಟ್ಟಿನ ನೆರಳಿನಲ್ಲಿ ನಮ್ಮ ಮನೆಯವರು ಬದುಕಿದ್ದರು.

ಆಮೇಲೆ ತಿಳಿದ ಇನ್ನೊಂದು ಸಂಗತಿ ನಮ್ಮನ್ನು ಇನ್ನಷ್ಟು ನಾಚಿಸಿತು. ಈ ಗುಳಿಗೆ ಇನ್ನೂ ಪ್ರಯೋಗದಲ್ಲಿದ್ದಾಗ, 1999ರಲ್ಲಿ, ಸಾಕಷ್ಟು ತಯಾರಾಗುತ್ತಿರಲಿಲ್ಲ. ಅದೇ ರೋಗವಿದ್ದ ಕೆನಡಾದ ಒಬ್ಬ ಹೆಣ್ಣುಮಗಳು, ತಯಾರಿಕೆ ಹೆಚ್ಚಿಸಿ ಎಂದು ಕಂಪನಿಯ ಮುಖ್ಯಸ್ಥರಿಗೆ ಮನವಿ ಬರೆದು ಮೂರು ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿದಳು. ತಯಾರಿಕೆ ಹೆಚ್ಚಿತು. ಅಂದರೆ ಗುಳಿಗೆ ಬೇಗ ಬಂದದ್ದರ ಹಿಂದೆಯೂ ಸಹಿ, ಅದು ನಮ್ಮ ಕೈಗೆ ಎಟುಕಿದ್ದರ ಹಿಂದೆಯೂ ಸಹಿ. ಎರಡರಲ್ಲಿಯೂ ನಮ್ಮದಿಲ್ಲ.

ಕಂಪನಿಯೂ ಅನೇಕ ರೋಗಿಗಳಿಗೆ ಉಚಿತವಾಗಿ ಔಷಧ ಕೊಡುತ್ತಿತ್ತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಸಂಶೋಧನೆಗೆ ಹಣ ಎಲ್ಲಿಂದ ಬರಬೇಕು ಎಂಬ ಅದರ ಪ್ರಶ್ನೆಯೂ ಸುಳ್ಳಲ್ಲ. ಆದರೆ ಲಾಭವಿಲ್ಲದ ಸಂಶೋಧನೆಗೆ ಯಾರು ಹಣ ಕೊಡುತ್ತಾರೆ? ಟಾಟಾ ಆಸ್ಪತ್ರೆಯವರು 1998ರಿಂದ ಮುಂಬಯಿಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ನಡೆಸಿದರು. ಅವರಲ್ಲಿ ಅರ್ಧದಷ್ಟು ಮಂದಿಗೆ, ಹತ್ತನೆಯ ತರಗತಿ ಓದಿದ ಹೆಣ್ಣುಮಕ್ಕಳು ತರಬೇತಿ ಪಡೆದು, ವಿನೆಗರಿನ ಆಮ್ಲ ಹಚ್ಚಿ ಗರ್ಭಕೊರಳಿನ ತಪಾಸಣೆ ಮಾಡಿದರು. ಆ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಕಡಿಮೆಯಾಯಿತು ಎಂದು 2013ರಲ್ಲಿ ಪ್ರಕಟವಾಯಿತು. ವಿನೆಗರಿನಿಂದ ಯಾವ ಔಷಧ ಕಂಪನಿಗೆ ಲಾಭ? ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಅಮೆರಿಕದ ಸರಕಾರಿ ಕ್ಯಾನ್ಸರ್ ಸಂಸ್ಥೆ. ಆ ಸಂಸ್ಥೆಗೆ ಬಲ ಬಂದದ್ದು 1971ರ ಕಾಯದೆಯಿಂದ. ಆ ಕಾಯದೆಗಾಗಿ ಮೇರಿ ಲಾಸ್ಕರ್ ಎಂಬಾಕೆ ಹಟ ಹಿಡಿದು ದುಡಿದರು. ಪತ್ರಿಕೆಯ ಒಂದು ಅಂಕಣ ಓದಿ ಗೃಹಿಣಿಯರೂ ಸೇರಿದಂತೆ ಸಾಮಾನ್ಯ ಜನ ತಮ್ಮ ಪ್ರತಿನಿಧಿಗಳಿಗೆ ಲಕ್ಷಗಟ್ಟಲೆ ಪತ್ರ ಬರೆದರು. ಅಲ್ಲಿ ಯಾರೋ ಅಂಚೆಗೆ ಹಾಕಿದ ಪತ್ರದ ಫಲ ಇಲ್ಲಿಯ ಕೊಳೆಗೇರಿಯ ತಾಯಿಗೂ ತಲುಪಿತು.

ನಮ್ಮ ಸಂಘದ ಸದಸ್ಯರಲ್ಲಿ ಪರೇಲಿನ ದಾರಿ ತಿಳಿಯದ ಮನೆ ಅಪರೂಪ. ನೆಂಟರಿಗೆ ಅನ್ನ, ಹಾಸಿಗೆ, ಲೋಕಲ್ ಗಾಡಿಯಲ್ಲಿ ಸೀಟು ಹಿಡಿದುಕೊಡುವುದು, ಇದರಲ್ಲೆಲ್ಲ ನಾವು ಹಿಂದೆ ಬಿದ್ದವರಲ್ಲ. ಇನ್ನು ಒಂದು ಹೆಜ್ಜೆ ಮುಂದೆ ಇಡಬೇಕು. ರೋಗದ ಹೆಸರನ್ನು ಗಟ್ಟಿಯಾಗಿ ಹೇಳಿ. ಚಿಕಿತ್ಸೆಗೆ ಹೋಗುವ ರೋಗಿಗೆ ಈಗ ಸ್ಲೀಪರ್ ಮತ್ತು ಮೂರು ಹಂತದ ಎಸಿ ಡಬ್ಬಿಗಳಲ್ಲಿ ಪ್ರಯಾಣ ಉಚಿತ, ಜೊತೆಗಾರರಿಗೆ ಮುಕ್ಕಾಲು ಪಾಲು ರಿಯಾಯಿತಿ. ಅದನ್ನು ಕೇಳಿ ಪಡೆಯಿರಿ. ತಪಾಸಣೆ, ಔಷಧದ ಬೆಲೆ, ಸಂಶೋಧನೆಯ ಹಣ ಇವುಗಳ ಬಗ್ಗೆ ನಿಮ್ಮ ಸಂಸತ್ ಸದಸ್ಯರಿಗೆ ಒಂದು ಪತ್ರ ಬರೆಯಿರಿ. ಬೆಂಚಿನ ಬಳಿ ಯಾರಾದರೂ ಕಾಗದ ಹಿಡಿದು ಬಂದರೆ, ಓದಿ, ಒಪ್ಪಿಗೆಯಾದರೆ ಸಹಿ ಹಾಕಿ.

ಭಾವ ಈಗ ನಿವೃತ್ತರು, ಎರಡು ಮೊಮ್ಮಕ್ಕಳ ಅಜ್ಜ. ಮಗಳ ಮದುವೆ, ತಂದೆಯ ಕಾಯಿಲೆಯನ್ನು ಮೊದಲೇ ತಿಳಿದು ಒಪ್ಪಿದವರ ಮನೆಯಲ್ಲಿಯೇ ಆಯಿತು. ಹೇಳಿದವಳು ಅವಳೇ. ಕಳೆದ ತಿಂಗಳು ಈ ಲೇಖನವನ್ನು ಫೋನಿನಲ್ಲಿ ಅವರಿಗೆ ಓದಿ ಹೇಳಿ, ಅವರ ಹೆಸರು ಹಾಕಲೇ ಎಂದು ಕೇಳಿದೆವು.

"ನಂದು ಯಾಕೆ? ನಾನು ಅವತ್ತೇ ಪೆನ್ನು ತೆಗೆದಿದ್ದೆ. ನಿಮ್ಮ ಹೆಸರು ಹಾಕಿ," ಎಂದರು.

ಅದರಂತೆ ನಮ್ಮಿಬ್ಬರ ಹೆಸರನ್ನೂ ಪೂರ್ತಿಯಾಗಿ ಅಚ್ಚು ಹಾಕಬೇಕೆಂದು ಸಂಪಾದಕರಲ್ಲಿ ಕೇಳಿಕೊಂಡಿದ್ದೇವೆ.