ಡೆಲ್ಟಾರೂನ್ ಆಡಿದ ಮೊದಲ ದಿನ

‘ಅಂಡರ್‌ಟೇಲ್’ (2015) ಮಾಡಿದ ಟೋಬಿ ಫಾಕ್ಸ್‌ದೇ ಇನ್ನೊಂದು ಗೇಮ್ ಇದು. 90ರ ದಶಕದ ಜಪಾನ್ ಆರ್‌ಪಿಜಿಗಳ ಥರ ಪಿಕ್ಸೆಲ್ ಗ್ರಾಫಿಕ್ಸ್, ಹಳೇ ಲ್ಯಾಪ್‌ಟಾಪಲ್ಲೂ ಓಡತ್ತೆ. ಒಟ್ಟು 7 ಅಧ್ಯಾಯ, 2025ರ ಹೊತ್ತಿಗೆ 4 ಬಂದಿದ್ವು. ಮೊದಲೆರಡರ ಡೆಮೊ ಫ್ರೀ.

ಶುರುವಲ್ಲೇ ತಲೆ, ಮೈ, ಕಾಲು ಆರಿಸಿ ಒಂದು ಪಾತ್ರ ಮಾಡಿಸ್ತಾರೆ. ಮುಗೀತು ಅನ್ನೋಷ್ಟರಲ್ಲಿ ಅದನ್ನ ಎಸೆದು, ನೀನು ಯಾರಾಗಬೇಕು ಅನ್ನೋದು ನಿನ್ನ ಕೈಲಿಲ್ಲ ಅಂತಾರೆ. ‘ಐಟಿಐ ಮುಗಿಸಿ ಅಪ್ಪನ ಜೊತೆ ಲೇತ್‌ಗೆ ನಿಂತ್ಕೊ’ ಅನ್ನಿಸಿಕೊಂಡ ನಮ್ಮ ಪೀಣ್ಯದ ಹುಡುಗರಿಗೆ ಇದೇನು ಹೊಸದಲ್ಲ.

ಆದ್ರೆ ಫೈಟ್‌ನಲ್ಲಿ ಹೊಡೀಲೇಬೇಕು ಅಂತಿಲ್ಲ, ಮಾತಾಡಿಸಿ ಸಮಾಧಾನ ಮಾಡಿ ಬಿಟ್ಟುಕಳಿಸಬಹುದು. ಅಷ್ಟು ಮಾತ್ರ ನಮಗೆ ಬಿಟ್ಟಿದ್ದು. ಅಷ್ಟೇ ಸಾಕಾ? ನಂಗಿನ್ನೂ ಒಪ್ಪಿಗೆಯಿಲ್ಲ. ಅದಕ್ಕೇ ಮುಂದಿನ ಅಧ್ಯಾಯಗಳಿಗೆ ಕಾಯ್ತಿದೀನಿ. ನೀವೂ ಡೆಮೊ ಆಡಿ, ಕಮೆಂಟಲ್ಲಿ ಜಗಳ ಆಡೋಣ.