ಆಕಾಶದಿಂದ ಬಂಗಾರ ಬೀಳುತ್ತಾ?

ನಮ್ಮ ಸಂತೆಕಲ್ಲೂರಿನ ಹೊಲದಲ್ಲಿ ನಾಳೆ ಉಲ್ಕೆ ಬಿದ್ದರೆ ಮೊದಲ ಪ್ರಶ್ನೆ, 'ಬಂಗಾರ ಐತೇನ್ರಿ?' ಹಟ್ಟಿ ಗಣಿ ಹತ್ತಿರವಲ್ಲವೇ! ನನ್ನ ಅಂದಾಜು ಬೇರೆ. ಬೀಳುವ 100ರಲ್ಲಿ 80ಕ್ಕೂ ಹೆಚ್ಚು ಕಾಂಡ್ರೈಟ್ ಎಂಬ ಕಲ್ಲುಗಳೇ; ಕಬ್ಬಿಣದ್ದು ಐದರ ಆಸುಪಾಸು. 1866ರಲ್ಲಿ ಉಡುಪಿಯಲ್ಲಿ, 2008ರಲ್ಲಿ ಹೊಸೂರು ಬಳಿಯ ಶೂಲಗಿರಿಯಲ್ಲಿ ಬಿದ್ದದ್ದೂ ಅದೇ ಜಾತಿ.

ಹಾಗಾಗಿ ಸಿಗೋದು ತೆಳು ಕಪ್ಪು ಸಿಪ್ಪೆಯ, ಒಳಗೆ ಬೂದು ಬಣ್ಣದ, ಕೈಗೆ ಭಾರವೆನಿಸುವ ಕಲ್ಲು. ವಯಸ್ಸು ಮಾತ್ರ ಸುಮಾರು 450 ಕೋಟಿ ವರ್ಷ. ಎರೆಹೊಲದಲ್ಲಿ ಕಪ್ಪು ಕಲ್ಲು ಕಾಣೋದೇ ಕಷ್ಟ, ಮಳೆ ಬಂದರೆ ತುಕ್ಕು. ಬೇಗ ಹುಡುಕಬೇಕು. ತೊಳೆಯಬೇಡಿ, ಒಡೆದು ಹಂಚಿಕೊಳ್ಳಬೇಡಿ. ಅಯಸ್ಕಾಂತ ಹಿಡಿದರೂ ಅದರೊಳಗಿನ ಹಳೆಯ ಕಾಂತದ ಗುರುತು ಅಳಿಸುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ತಿಳಿಸಿ. ಬಂಗಾರ ಹಟ್ಟಿಯಲ್ಲಿ ದಿನಾ ಸಿಗುತ್ತೆ, ಇದು ಸಿಗಲ್ಲ.