ಮಹಾಪೂರ ಇಳಿದ ಬಳಿಕ

ಪ್ರವಾಸದ ಲೇಖನವೆಂದೊಡನೆ ವಾಚಕರು ಕಾಶಿ ರಾಮೇಶ್ವರಗಳನ್ನೋ ಹಿಮಾಲಯವನ್ನೋ ನಿರೀಕ್ಷಿಸುವದು ಸಹಜವಾಗಿದೆ. ನಾವು ಈ ಸಲ ಹೇಳಲಿರುವದು ಧಾರವಾಡದಿಂದ ನಮ್ಮ ಹಿರಿಯರ ಊರಿನ ವರೆಗಿನ ಪ್ರವಾಸವನ್ನು. ಬಸ್ಸಿನಲ್ಲಿ ಅರ್ಧ ದಿನದ ಹಾದಿ. ಊರು ಬಾದಾಮಿ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆಯೇ ಇರುವದು. ನಾವು ಹುಟ್ಟಿದ ಮನೆ ಅಲ್ಲಿದೆ. ನೌಕರಿಯ ನಿಮಿತ್ತವಾಗಿ ನಾವು ಊರು ಬಿಟ್ಟೆವು. ನಮ್ಮ ಅಕ್ಕನನ್ನು ಊರಲ್ಲಿಯೇ ಕೊಟ್ಟಿದ್ದ ಕಾರಣ, ತಂದೆತಾಯಿಗಳ ತರುವಾಯ ಅವಳೂ ಅವಳ ಮಗನೂ ಆ ಮನೆಯಲ್ಲಿ ದೀಪ ಹಚ್ಚಿಕೊಂಡು ಬಂದರು. ಹೋಗುವ ಹಾದಿಯನ್ನು ಕಣ್ಣು ಮುಚ್ಚಿ ಹೇಳಬಲ್ಲೆವೆಂಬ ಅಭಿಮಾನ ನಮಗಿತ್ತು. 2019ನೆಯ ಇಸವಿಯ ಆಗಸ್ಟ ತಿಂಗಳಲ್ಲಿ ಆ ಅಭಿಮಾನವು ಅಳಿಯಿತು.

ಹೊಳೆಯ ವಿಷಯವಾಗಿ ಮೊದಲು ನಾಲ್ಕು ಮಾತು ಹೇಳಬೇಕು. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಹತ್ತಿರದ ನವಿಲುತೀರ್ಥದ ಕಣಿವೆಯನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ನವಿಲುತೀರ್ಥದಲ್ಲಿ ಕಟ್ಟಿದ ಜಲಾಶಯವು ಸುಮಾರು 37 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು, ಆದರೆ ಅದು ಕಂಠಮಟ್ಟ ತುಂಬಿದ ವರ್ಷಗಳು ವಿರಳ. ಹೊಳೆ ಬಡವಾಗಿದ್ದ ಆ ವರ್ಷಗಳಲ್ಲಿ ಜನರು ಅದರ ಅಗಲವನ್ನೇ ಮರೆತರು. ಪಾತ್ರದ ಅಂಚಿನ ವರೆಗೆ ನೇಗಿಲು ಹೋಯಿತು, ಕಬ್ಬು ಬಂದಿತು, ಉಳಿದಲ್ಲಿ ಜಾಲಿಯು ಹಬ್ಬಿತು. ಮಳೆ ಬೀಳುವದು ಖಾನಾಪುರದ ಅಡವಿಯಲ್ಲಿ. ಮುಳುಗುವದು ಬಾದಾಮಿ ರೋಣಗಳ ಬಯಲು. ಆ ವರ್ಷವೂ ಹಾಗೆಯೇ ಆಯಿತು. ನಮ್ಮೂರಲ್ಲಿ ತುಂತುರು ಹನಿಗಳ ಹೊರತು ದೊಡ್ಡ ಮಳೆಯಿರಲಿಲ್ಲ. ಪಂಚಮಿಯ ಹಬ್ಬಕ್ಕೆ ಕಟ್ಟಿದ ಜೋಕಾಲಿಯನ್ನು ಇನ್ನೂ ಬಿಚ್ಚಿರಲಿಲ್ಲ, ಉಂಡಿಯ ಡಬ್ಬಿಗಳು ಇನ್ನೂ ಬರಿದಾಗಿರಲಿಲ್ಲ. ಅಷ್ಟರಲ್ಲಿ ಅಣೆಕಟ್ಟಿನ ಬಾಗಿಲುಗಳನ್ನು ತೆರೆದ ಡಂಗುರವು ಬಂದಿತು. ಅಕ್ಕನೂ ಅಳಿಯನೂ ಎರಡು ಆಕಳುಗಳನ್ನು ಹೊಡೆದುಕೊಂಡು, ಟ್ರ್ಯಾಕ್ಟರಿನ ಮೇಲೆ ಕೈಗೆ ಸಿಕ್ಕಷ್ಟು ಹೇರಿಕೊಂಡು, ದಿಬ್ಬದ ಮೇಲಿನ ಶಾಲೆಯನ್ನು ಸೇರಿದರು. ನಸುಕಿನಲ್ಲಿ ನೀರು ನಮ್ಮ ಓಣಿಯನ್ನು ಹೊಕ್ಕಿತಂತೆ.

ನಾವು ಆಗ ಇನ್ನೂ ಶಾಲೆಯ ಕೆಲಸದಲ್ಲಿದ್ದೆವು. ರಜೆ ಬರೆದುಕೊಟ್ಟು ಹೊರಡಬೇಕೆಂದರೆ ಕೊಣ್ಣೂರಿನ ಹತ್ತಿರ ಹೆದ್ದಾರಿಯ ಮೇಲೆಯೇ ನೀರು ನಿಂತು ಸಂಚಾರ ನಿಂತಿತ್ತು. ಹಾದಿ ತೆರೆಯಿತೆಂದು ತಿಳಿದ ದಿವಸ ಹುಬ್ಬಳ್ಳಿಯ ಮೇಲಿಂದ ಬಸ್ಸು ಹಿಡಿದೆವು. ನವಲಗುಂದ, ನರಗುಂದ, ಎರಡೂ ಕಡೆಗೆ ಕಣ್ಣು ಹರಿಯುವಷ್ಟು ಎರೆಯ ಹೊಲ. 1980ರಲ್ಲಿ ಇದೇ ಸೀಮೆಯ ರೈತರು ಮಲಪ್ರಭೆಯ ಕಾಲುವೆಯ ನೀರಿನ ಕರದ ಸಂಬಂಧವಾಗಿ ಎದ್ದು ನಿಂತರು. ಮುಂದೆ ಕಳಸಾ ಬಂಡೂರಿಯ ನೀರಿಗಾಗಿ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕುಳಿತರು. ನೀರು ಬೇಕೆಂದು ಕೂಗಿದ ಸೀಮೆಗೆ ನೀರು ಬಂದ ರೀತಿಯನ್ನು ಕಿಟಕಿಯಿಂದ ನೋಡುತ್ತ ಹೋದೆವು. ಕೊಣ್ಣೂರು ಸಮೀಪಿಸಿದಂತೆ ಹೊಲಗಳ ಬಣ್ಣ ಬದಲಾಯಿತು. ಹೆಸರು ಮೆಕ್ಕೆಜೋಳಗಳು ಒಂದೇ ದಿಕ್ಕಿಗೆ ಮಲಗಿ ಬೂದಿ ಬಳಿದುಕೊಂಡಂತೆ ಕಂಡವು. ವಿದ್ಯುತ್ತಿನ ಕಂಬಗಳ ಮೇಲೆ, ನಮ್ಮ ತಲೆಗಿಂತ ಎತ್ತರದಲ್ಲಿ, ಹುಲ್ಲೂ ಚಿಂದಿಯೂ ಸಿಕ್ಕಿಕೊಂಡಿದ್ದವು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಅಕ್ಕ ಶಾಲೆಯ ಗಂಜಿಕೇಂದ್ರದಲ್ಲಿ ಮೂರನೆಯ ಇಯತ್ತೆಯ ಕೋಣೆಯಲ್ಲಿದ್ದಳು. ನಮ್ಮನ್ನು ಕಂಡೊಡನೆ ಅಳುವಳೆಂದು ಎಣಿಸಿದ್ದೆವು, ಅವಳು ಒಂದು ಉಂಡಿಯನ್ನು ನಮ್ಮ ಕೈಯಲ್ಲಿಟ್ಟು, “ತಮ್ಮಾ, ನೀರ ಇಳದಾವಂತ. ಇನ್ನ ನಾ ಇಲ್ಲಿ ಯಾಕ ಕೂಡ್ಲಿ? ನಡಿ ಮನಿಗೆ ಹೋಗೂಣು,” ಅಂದಳು. ಅಳಿಯನೂ ಸಲಿಕೆ ಹಿಡಿದು ಸಿದ್ಧನಾಗಿದ್ದನು. ನಮಗೂ ಅದೇ ಯೋಗ್ಯವೆಂದು ತೋರಿತು. ನೀರು ಇಳಿದರೆ ಗಂಡಾಂತರ ಕಳೆಯಿತೆಂದು ಯಾರಿಗಾದರೂ ಅನಿಸುವದು. ತಡೆದವನು ಊರಿನ ಮುದಿ ಗೌಂಡಿ. “ಮಾಸ್ತರ್ರ, ನೀರಾಗ ಬೀಳಲಾರದ ಗ್ವಾಡಿ ಬಿಸಲಾಗ ಬೀಳತೈತ್ರಿ,” ಅಂದನು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವದು ಅವಶ್ಯ. ನಮ್ಮ ಕಡೆಯ ಹಳೆಯ ಮನೆಗಳು ಕಲ್ಲು ಮಣ್ಣಿನವು. ಕೆಸರಿನಲ್ಲಿ ಕಲ್ಲು ಕೂಡಿಸಿ ಎರಡು ಮೊಳ ದಪ್ಪದ ಗೋಡೆಯನ್ನೆಬ್ಬಿಸಿ, ಮೇಲೆ ತೊಲೆ ಜಂತಿಗಳನ್ನು ಹಾಸಿ, ಮಣ್ಣಿನ ಮೇಲ್ಮುದ್ದೆಯನ್ನು ಹೇರಿರುವರು. ಬೇಸಿಗೆಯಲ್ಲಿ ಇದರಷ್ಟು ತಂಪಾದ ಮನೆ ಬೇರೆಯಿಲ್ಲ. ಮಹಾಪೂರದಲ್ಲಿ ಗೋಡೆಯ ಒಳಗೂ ಹೊರಗೂ ನೀರು ಸಮನಾಗಿ ಒತ್ತುತ್ತಿರುವಾಗ ಅದು ನಿಂತಿರುತ್ತದೆ. ಹೊರಗಿನ ನೀರು ಇಳಿದು ಒಳಗಿನದು ನಿಂತರೆ ಒತ್ತಡ ಒಂದೇ ಕಡೆಗಾಗುವದು. ನೆನೆದ ಮಣ್ಣಿಗೆ ಕಲ್ಲನ್ನು ಹಿಡಿಯುವ ಶಕ್ತಿಯಿರುವದಿಲ್ಲ. ಬಿಸಿಲು ಬಿದ್ದೊಡನೆ ಮೇಲಿನ ಪದರು ಒಣಗಿ ಬಿರಿಯುವದು, ಒಳಗಿನದು ಹಸಿಯಾಗಿಯೇ ಉಳಿಯುವದು, ಮೇಲ್ಮುದ್ದೆಯಂತೂ ನೀರು ಕುಡಿದು ಭಾರವಾಗಿರುವದು. ಆದುದರಿಂದ ಮನೆ ಬೀಳುವದು ಮನೆಯವರು ಮರಳಿ ಬಂದು ಕಸ ಗುಡಿಸುವ ಹೊತ್ತಿಗೆ.

ಮೂರು ದಿವಸ ನಾವು ಬರಿದೆ ಹೊರಗಿನಿಂದ ನೋಡಿ ಮರಳಿದೆವು. ಅಕ್ಕನಿಗೆ ನಮ್ಮ ಮೇಲೆ ಸಿಟ್ಟು ಬಂದಿತು; ಮೊದಲ ದಿನ ಕೊಟ್ಟ ಉಂಡಿ ಎರಡನೆಯ ದಿನ ಸಿಗಲಿಲ್ಲ. ನಾಲ್ಕನೆಯ ದಿವಸ ಮಧ್ಯಾಹ್ನ, ಎಳೆ ಬಿಸಿಲಿನಲ್ಲಿ, ನಾವೆಲ್ಲರೂ ಓಣಿಯಲ್ಲಿ ನಿಂತಿರುವಾಗಲೇ ಪಡಸಾಲೆಯ ಪಡುವಣ ಗೋಡೆಯು ದೊಡ್ಡ ಸಪ್ಪಳವನ್ನೂ ಮಾಡದೆ, ಮುದುಕನು ಕೆಳಗೆ ಕೂತಂತೆ, ಕುಸಿದು ಕುಳಿತಿತು. ಅದರ ಬುಡದಲ್ಲಿಯೇ ಅಕ್ಕನು ಬೀಸುವ ಕಲ್ಲು ಇರುವದು. ಧೂಳು ಅಡಗಿದ ಮೇಲೆ ಅಕ್ಕ ಸೆರಗನ್ನು ಬಾಯಿಗೆ ಹಿಡಿದು ಗೌಂಡಿಯ ಮುಖವನ್ನು ನೋಡಿದಳು. ಆ ದಿವಸದಿಂದ ಅವಳು ಅವನ ಮಾತನ್ನು ಮೀರಲಿಲ್ಲ.

ಅವನು ನೂಲಿಗೆ ಗುಂಡು ಕಟ್ಟಿ ಇಳಿಬಿಟ್ಟು ಉಳಿದ ಗೋಡೆಗಳನ್ನು ಪರೀಕ್ಷಿಸಿ, ಎರಡು ಕಡೆಗೆ ಆಸರೆಯ ಕಂಬಗಳನ್ನು ಕೊಡಿಸಿ, ಅಡಿಗೆಮನೆಯ ಕಡೆಯಿಂದ ಮಾತ್ರ ಒಳಗೆ ಬಿಟ್ಟನು. ಅದಕ್ಕೂ ಮೊದಲು ಲೈನಮನ್ನನಿಂದ ವಿದ್ಯುತ್ತಿನ ತಂತಿಯನ್ನು ಕಂಬದಲ್ಲಿಯೇ ಕಡಿಸಿದ್ದೆವು. ಬರಿಗಾಲಿನಲ್ಲಿ ಯಾರೂ ಹೋಗಕೂಡದೆಂದು ಆರೋಗ್ಯ ಇಲಾಖೆಯ ತಾಯಿಯೊಬ್ಬಳು ಮೊದಲೇ ಎಚ್ಚರಿಸಿದ್ದಳು. ಇಲಿಗಳ ಮೂತ್ರ ಬೆರೆತ ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರವು ಬರುವದಂತೆ. ಮೊಣಕಾಲ ಮಟ್ಟ ಕೆಸರು. ಕೋಲಿನಿಂದ ತಡವುತ್ತ ಹೋಗುವಾಗ ಗೋದಲಿಯ ಮೂಲೆಯಲ್ಲಿ ನಾಗರವೊಂದು ಸುರುಳಿ ಸುತ್ತಿ ಮಲಗಿತ್ತು. ಹತ್ತು ದಿನಗಳ ಹಿಂದೆ ಇದೇ ಮನೆಯಲ್ಲಿ ಮಣ್ಣಿನ ನಾಗಪ್ಪನಿಗೆ ಹಾಲೆರೆದಿದ್ದರು. ಪೂಜೆ ಮಾಡಿದವರೇ ಚೀರಿ ಹೊರಗೋಡಿದರು. ಅದೂ ಪಾಪ ನಿರಾಶ್ರಿತವೇ ಆಗಿತ್ತು, ಸಂಜೆಗೆ ತಾನಾಗಿಯೇ ಹೊರಟುಹೋಯಿತು. ಹಿಂದಿನವರು ಈ ಹೊಳೆಯನ್ನು ಮಲಾಪಹಾರಿ ಎಂದರೆ ಕೊಳೆಯನ್ನು ತೊಳೆಯುವವಳೆಂದು ಕರೆದರು. ಆ ಕೆಸರಿನಲ್ಲಿ ನಿಂತು ವ್ಯುತ್ಪತ್ತಿಯನ್ನು ನೆನೆದಾಗ ನಮಗೆ ನಗೆಯೂ ಬಂದಿತು.

ಉತಾರ, ಪಡಿತರದ ಚೀಟಿಗಳಿದ್ದ ಟ್ರಂಕನ್ನು ನಾವು ಹುಡುಕುತ್ತಿದ್ದರೆ, ಅಕ್ಕ ಕೌದಿಯನ್ನು ಹುಡುಕುತ್ತಿದ್ದಳು. ನಮ್ಮ ತಾಯಿಯವರು ಹೊಲಿದ ಕೌದಿ. ತಂದೆಯವರ ಧೋತರ, ನಮ್ಮ ಬಾಲ್ಯದ ಅಂಗಿ ಎಲ್ಲವೂ ಅದರ ಪದರುಗಳಲ್ಲಿದ್ದವು. ಕೆಸರು ಕುಡಿದು ಅದು ಇಬ್ಬರು ಹೊರುವಷ್ಟು ಭಾರವಾಗಿತ್ತು. ಹಾಳೆಗಳನ್ನು ನಾವು ನೆರಳಿನಲ್ಲಿ, ಒಂದೊಂದರ ನಡುವೆ ಹಳೆಯ ವೃತ್ತಪತ್ರಿಕೆಯನ್ನಿಟ್ಟು ಒಣಗಿಸಿದೆವು, ಉತಾರ ಉಳಿಯಿತು. ತಂದೆಯವರ ಕೈಬರಹದ ಸಂಸ್ಕೃತದ ವಹಿ ಉಳಿಯಲಿಲ್ಲ. ಕೌದಿಯನ್ನು ಅಕ್ಕ ಏಳು ಸಲ ಒಗೆದಳು.

ಆದರೆ ನಿಜವಾದ ಗಂಡಾಂತರವು ಹಗೇವಿನಲ್ಲಿತ್ತು. ಪೇಟೆಯ ವಾಚಕರಿಗಾಗಿ ಹೇಳುವೆವು: ಹಗೇವು ಎಂಬದು ನೆಲದಡಿಯಲ್ಲಿ ಜೋಳವನ್ನು ಕೂಡಿಡುವ ತಗ್ಗು, ಬಾಯಿ ಕಿರಿದು, ಹೊಟ್ಟೆ ದೊಡ್ಡದು. ನೀರು ಹೊಕ್ಕು ಒಳಗಿನ ಜೋಳವೆಲ್ಲ ಕೊಳೆತಿತ್ತು. ಬಾಯಿಯ ಕಲ್ಲನ್ನು ಸರಿಸಿದೊಡನೆ ಬಂದ ನಾತದಿಂದ ನಾವೆಲ್ಲ ಹಿಂದಕ್ಕೆ ಸರಿದೆವು. ಅಳಿಯನು ಮೂಗಿಗೆ ವಸ್ತ್ರ ಕಟ್ಟಿಕೊಂಡು, “ಮಾಮಾ, ತಳದಾಗ ಒಂದೀಟ ಛಲೋ ಜ್ವಾಳ ಇರಬೇಕು, ನಾ ಇಳದು ನೋಡ್ತೇನಿ,” ಎಂದು ಒಂದು ಕಾಲನ್ನು ಒಳಗಿಟ್ಟೇ ಬಿಟ್ಟನು. ಧಾನ್ಯ ಕೊಳೆಯುವಾಗ ಒಳಗಿನ ಪ್ರಾಣವಾಯು ತೀರಿ, ಗಾಳಿಗಿಂತ ಭಾರವಾದ ಅಂಗಾರಾಮ್ಲವು ತಳದಲ್ಲಿ ತುಂಬಿಕೊಳ್ಳುವದನ್ನು ನಾವು ಎಷ್ಟೋ ವರ್ಷ ಫಳಿಯ ಮೇಲೆ ಬರೆದು ಕಲಿಸಿದವರು. ಆ ಗಳಿಗೆಯಲ್ಲಿ ನಮ್ಮ ಬಾಯಿಂದ ಮಾತೇ ಹೊರಡಲಿಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದ ಅಕ್ಕ ಅವನ ರಟ್ಟೆ ಹಿಡಿದು ಎಳೆದಳು. “ಜ್ವಾಳ ಹ್ವಾದ್ರ ಹೋಗ್ಲಿ, ನೀ ಮ್ಯಾಲ ಬಾ!” ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದೆವು. ಎದೆಮಟ್ಟ ಇಳಿಯುವಷ್ಟರಲ್ಲಿ ದೀಪವು ಆರಿತು. ಕಂದೀಲು ಉರಿದರೂ ನಂಬಿ ಇಳಿಯಬಾರದೆಂದೂ, ಬೇರೆ ವಿಷವಾಯುಗಳು ದೀಪಕ್ಕೆ ತಿಳಿಯುವದಿಲ್ಲವೆಂದೂ ಆಗ ನಮಗೆ ನಾಲಗೆ ಬಂದಿತು. ಯಾರೂ ಇಳಿಯದೆ, ಮೇಲಿನಿಂದಲೇ ಬಕೀಟಿನಿಂದ ಸಿಕ್ಕಷ್ಟನ್ನು ಎತ್ತಿ ಚೆಲ್ಲಿ, ಉಳಿದದ್ದರ ಮೇಲೆ ಮಣ್ಣೆಳೆದು ಹಗೇವನ್ನು ಮುಚ್ಚಿಬಿಟ್ಟೆವು. ಒಂದು ವರ್ಷದ ರೊಟ್ಟಿ ಅಲ್ಲಿ ಹೂತುಹೋಯಿತು.

ಬಾವಿಯ ಕೆಲಸದಲ್ಲಿ ನಮ್ಮ ವಿದ್ಯೆಗೆ ಸ್ವಲ್ಪ ಮಾನ ಬಂದಿತು. ಪಂಪಿನಿಂದ ಕೆಸರುನೀರನ್ನೆಲ್ಲ ಎತ್ತಿ ಹಾಕಿ, ಹೊಸ ನೀರು ಊರಿದ ಮೇಲೆ, ಅದರ ಅಳತೆಯನ್ನು ನಾವು ತೆಗೆದೆವು: ಅಡ್ಡಗಲ 3 ಮೀಟರು, ನೀರಿನ ಆಳ 4 ಮೀಟರು, ಅಂದರೆ ಹೆಚ್ಚುಕಡಿಮೆ 28,000 ಲೀಟರು. ಸಾಧಾರಣ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿ ಸಾಕಾಗುವದು. ಮಹಾಪೂರ ಹೊಕ್ಕ ಬಾವಿಗೆ ಆರೋಗ್ಯದ ತಾಯಿ ಅದಕ್ಕಿಂತ ಬಹಳ ಹೆಚ್ಚು ಹಾಕಿಸಿದಳು. ಪುಡಿಯನ್ನು ಬಕೀಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಸುರಿದು, ಕೊಡವನ್ನು ಮೇಲೆ ಕೆಳಗೆ ಆಡಿಸಿದಳು. ಅಷ್ಟಾದರೂ ದಸರೆಯ ವರೆಗೆ ಕಾಸದೆ ಕುಡಿಯಬೇಡಿರೆಂದು ಆಜ್ಞೆ ಮಾಡಿದಳು.

ಊರಿಗೆ ಮರಳುವ ಮುಂಚೆ ಒಂದು ದಿವಸ ಪಟ್ಟದಕಲ್ಲಿಗೆ ಹೋಗಿಬಂದೆವು. ಹೊಳೆಯು ಅಲ್ಲಿ ಉತ್ತರಕ್ಕೆ ತಿರುಗಿ ಹರಿಯುವದು. ಅದಕ್ಕೇ ಅದು ಪುಣ್ಯಸ್ಥಳ. ವಿಜಯಾದಿತ್ಯನು ಕಟ್ಟಿಸಿದ ಸಂಗಮೇಶ್ವರ, ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ, ಎರಡರ ಆವರಣಕ್ಕೂ ನೀರು ನುಗ್ಗಿ ಹೋಗಿತ್ತು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಆ ಗೋಡೆಗಳ ಮೇಲೆ ಕೆಸರಿನ ಗೆರೆಯೊಂದೇ ಉಳಿದಿತ್ತು. ಜೊತೆಗೆ ಬಂದಿದ್ದ ಗೌಂಡಿ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ, ಕಲ್ಲಿನ ಸಂದನ್ನು ಬಹಳ ಹೊತ್ತು ನೋಡಿದನು, ಏನೂ ಅನ್ನಲಿಲ್ಲ.

ಮುಂದಿನ ಸಂಗತಿಯನ್ನು ಬೇಗನೆ ಹೇಳುವೆವು. ಸರಕಾರವು ಪ್ರತಿ ಕುಟುಂಬಕ್ಕೆ ಮೊದಲು 10,000 ರೂಪಾಯಿ ಕೊಟ್ಟಿತು; ಪೂರ್ಣ ಬಿದ್ದ ಮನೆಗೆ 5 ಲಕ್ಷ, ಅಲ್ಪ ಹಾನಿಯ ಮನೆಗೆ 50,000 ಎಂದು ಗೊತ್ತುಮಾಡಿತು. ನಮ್ಮದು ನಡುವಿನ ದರ್ಜೆಗೆ ಸೇರಿತು. ಒಂದೇ ಗೋಡೆ ಬಿದ್ದ ಮನೆಯಲ್ಲಿ ಇರಲಿಕ್ಕೂ ಬಾರದು, ಅದನ್ನು ಬಿದ್ದಿತೆನ್ನಲಿಕ್ಕೂ ಬಾರದು ಎಂಬದನ್ನು ಕಾಗದದ ಮೇಲೆ ತಿಳಿಸುವದು ಕಠಿಣ. ಆಗ ನೆನಪಾದದ್ದು ಆಸರೆಯ ಮನೆ. 2009ರ ಮಹಾಪೂರದ ತರುವಾಯ ದಿಬ್ಬದ ಮೇಲೆ ಹೊಸ ಗ್ರಾಮವನ್ನು ಕಟ್ಟಿ ಅಕ್ಕನಿಗೂ ಒಂದನ್ನು ಕೊಟ್ಟಿದ್ದರು. ಎರಡು ಚಿಕ್ಕ ಕೋಣೆ, ಆಕಳು ಕಟ್ಟಲಿಕ್ಕೆ ಜಾಗವಿಲ್ಲ, ಹೊಲ ದೂರ. ಹತ್ತು ವರ್ಷ ಅದರಲ್ಲಿ ಕಣಕಿಯನ್ನು ಒಟ್ಟಿದ್ದಳು. ಅವಳನ್ನು ಹಳಿಯುವವರು ಬಹಳ. ಆಕಳು ಬಿಟ್ಟು ಹೋಗೆಂದು ಹೇಳುವವರು ಆಕಳು ಸಾಕಿದವರಲ್ಲ. ಈ ಸಲ ಅಳಿಯನು ಮುಂದೆ ತಗಡಿನ ಚಪ್ಪರವೊಂದನ್ನು ಇಳಿಸಿ, ಆಕಳುಗಳನ್ನು ಕಟ್ಟಿದ ಮೇಲೆಯೇ ಅವಳು ಒಳಗೆ ಒಲೆ ಹೂಡಿದಳು. ಅದೇ ಅಕ್ಟೋಬರದಲ್ಲಿ ಮಳೆ ಮತ್ತೆ ಬಂದು ಹೊಳೆ ಎರಡನೆಯ ಸಲ ಏರಿತು. ನಾವು ಗಾಬರಿಯಾಗಿ ಫೋನು ಮಾಡಿದರೆ, “ನಾ ಮ್ಯಾಲ ಅದೇನಿ, ರೊಟ್ಟಿ ಬಡಿಯಾಕತ್ತೇನಿ, ಆಮ್ಯಾಲ ಮಾತಾಡು,” ಎಂದು ಇಟ್ಟುಬಿಟ್ಟಳು.

ಹಳೆಯ ಮನೆಯ ಗೋಡೆಯನ್ನು ಮುಂದೆ ಸಿಮೆಂಟಿನಲ್ಲಿ ಕಟ್ಟಿಸಿದೆವು. ಬಿತ್ತುವ ಕಾಲಕ್ಕೆ ಬೀಜವೂ ಕೂರಿಗೆಯೂ ಅಲ್ಲಿಯೇ ಇರುವವು. ಮಳೆಗಾಲದಲ್ಲಿ ಮಲಗುವದಕ್ಕೆ ಮಾತ್ರ ಎಲ್ಲರೂ ಮೇಲೆ ಹೋಗುವರು. ಕೌದಿಯೂ ಮೇಲೆ ಹೋಗಿದೆ, ಅಂಚಿನಲ್ಲಿ ಕೆಸರಿನ ಕಂದು ಬಣ್ಣ ಹಾಗೆಯೇ ಇದೆ. ಬೀಸುವ ಕಲ್ಲನ್ನು ಗೋಡೆಯ ಮಣ್ಣಿನಿಂದ ಅಗೆದು ತೆಗೆದು ತೊಳೆದಿಟ್ಟಿರುವೆವು. ಅದನ್ನು ಮಾತ್ರ ಮೇಲೆ ಒಯ್ಯುವದಕ್ಕೆ ಅಕ್ಕ ಇನ್ನೂ ಒಪ್ಪಿಲ್ಲ.